ನೂರು ಕಾಳಿನ ಲೆಕ್ಕ: ಊಟಕ್ಕೆ ಕೂತ ಗೆಳೆಯರ ನಡುವೆ ರಾಜ್ಯ ಬಜೆಟ್

ಎಲೆಅಡಿಕೆ

ಶನಿವಾರ ರಾತ್ರಿ ಎಂಟು ಜನ ಗೆಳೆಯರು ಒಟ್ಟಿಗೆ ಊಟಕ್ಕೆ ಕೂರುತ್ತೇವೆ, ಈ ಸಲದ ಮಾತು ಬಜೆಟ್. ಇಂಥ ಕಡೆ ಒಬ್ಬರು "ಎಲ್ಲಾ ಗ್ಯಾರಂಟಿಗೇ ಹೋಯ್ತು" ಅನ್ನುತ್ತಾರೆ, ಇನ್ನೊಬ್ಬರು "ಬಡವರಿಗೆ ಈಗಲಾದರೂ ನಾಲ್ಕು ಕಾಸು ಸಿಕ್ಕಿತು" ಅನ್ನುತ್ತಾರೆ. ಇಬ್ಬರ ಕೈಯಲ್ಲೂ ಅಂಕಿ ಇರುವುದಿಲ್ಲ. ಅದಕ್ಕೇ ಒಂದು ಉಪಾಯ: ಅನ್ನಕ್ಕೆ ಎಸರು ಇಡುವ ಮೊದಲು ನೂರು ತೊಗರಿ ಕಾಳು ಎಣಿಸಿ ಮೇಜಿನ ಮೇಲೆ ಹಾಕಿ. ಅದೇ 2025-26ರ ಕರ್ನಾಟಕ ಬಜೆಟ್. 2025ರ ಮಾರ್ಚ್ 7ರಂದು ಸಿದ್ದರಾಮಯ್ಯನವರು ಮಂಡಿಸಿದ ಇದರ ಒಟ್ಟು ಗಾತ್ರ 4,09,549 ಕೋಟಿ ರೂಪಾಯಿ. ಅಂದರೆ ಒಂದು ಕಾಳು ಸುಮಾರು 4,095 ಕೋಟಿ.

ಮೊದಲು ಕಾಳು ಬಂದದ್ದು ಎಲ್ಲಿಂದ? ರಾಜ್ಯದ ಸ್ವಂತ ತೆರಿಗೆ 2,08,100 ಕೋಟಿ, 51 ಕಾಳು. ಸಾಲ 1,16,000 ಕೋಟಿ, 28 ಕಾಳು. ಕೇಂದ್ರದ ತೆರಿಗೆಯಲ್ಲಿ ನಮ್ಮ ಪಾಲು 51,877 ಕೋಟಿ, 13 ಕಾಳು. ಕೇಂದ್ರದ ಸಹಾಯಾನುದಾನ 16,000 ಕೋಟಿ ಮತ್ತು ತೆರಿಗೆಯೇತರ ಆದಾಯ 16,500 ಕೋಟಿ, ತಲಾ 4 ಕಾಳು.

ಹೋಗುವ ದಾರಿ: ರಾಜಸ್ವ ವೆಚ್ಚ, ಅಂದರೆ ಸಂಬಳ, ಬಡ್ಡಿ, ಸಹಾಯಧನದಂಥ ನಿತ್ಯದ ಖರ್ಚು 3,11,739 ಕೋಟಿ (76 ಕಾಳು), ಬಂಡವಾಳ ವೆಚ್ಚ, ಅಂದರೆ ಕಟ್ಟಡ, ರಸ್ತೆಯಂಥ ಬಾಳುವ ಕೆಲಸ 71,336 ಕೋಟಿ (17 ಕಾಳು ಚಿಲ್ಲರೆ), ಹಳೆ ಸಾಲದ ಅಸಲು ತೀರಿಸಲು 26,474 ಕೋಟಿ (ಆರೂವರೆ ಕಾಳು).

ಐದು ಗ್ಯಾರಂಟಿಗಳಿಗೆ 51,034 ಕೋಟಿ, ಅಂದರೆ ಹನ್ನೆರಡೂವರೆ ಕಾಳು. ಶಿಕ್ಷಣಕ್ಕೆ 45,286 ಕೋಟಿ, 11 ಕಾಳು. ಆರೋಗ್ಯಕ್ಕೆ 17,473 ಕೋಟಿ, ನಾಲ್ಕು ಕಾಳಿಗಿಂತ ತುಸು ಹೆಚ್ಚು. ಸಾಲದ ರಾಶಿ ಗ್ಯಾರಂಟಿ ರಾಶಿಗಿಂತ ಎರಡು ಪಟ್ಟು ದೊಡ್ಡದು ಅನ್ನುವುದು ಕಾಳು ಎಣಿಸಿದಾಗಲೇ ಕಣ್ಣಿಗೆ ಬೀಳುವುದು.

ಪ್ರಶ್ನೆ ಇಷ್ಟು: ಈ ನೂರು ಕಾಳಲ್ಲಿ ಅಸಮಾನತೆ ತಗ್ಗಿಸುವ ಕಾಳು ಯಾವುದು, ಅಸಮಾನತೆಯನ್ನೇ ಉಳಿಸುವ ಕಾಳು ಯಾವುದು? ಬಲ್ಲವರು ವಿವರ ಕೊಡಿ.

ಖಜಾನೆ ಕಿಟಕಿ

ಒಳ್ಳೆಯ ಶುರು. ಆದರೆ ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ನೀವು ಎಣಿಸಿದ್ದು ಆಯವ್ಯಯ ಅಂದಾಜು. ಅದು ಖರ್ಚಾದ ಹಣ ಅಲ್ಲ, ಖರ್ಚು ಮಾಡಲು ಸದನ ಕೊಟ್ಟ ಅನುಮತಿ. ಬಜೆಟ್ ಸಂಪುಟಗಳಲ್ಲಿ ಪ್ರತಿ ಲೆಕ್ಕಶೀರ್ಷಿಕೆಯ (ಹಣ ಯಾವ ಕೆಲಸಕ್ಕೆ ಎಂದು ಗುರುತಿಸುವ ಸಂಖ್ಯೆ) ಎದುರು ನಾಲ್ಕು ಅಂಕಣ ಇರುತ್ತವೆ: ಎರಡು ವರ್ಷ ಹಿಂದಿನ ಲೆಕ್ಕ (ನಿಜವಾಗಿ ಖರ್ಚಾದದ್ದು), ಕಳೆದ ವರ್ಷದ ಅಂದಾಜು, ಕಳೆದ ವರ್ಷದ ಪರಿಷ್ಕೃತ ಅಂದಾಜು, ಈ ವರ್ಷದ ಅಂದಾಜು. ಭಾಷಣದಲ್ಲಿ ಕೇಳುವುದು ಕೊನೆಯದು ಮಾತ್ರ. ಸರ್ಕಾರದ ಆದ್ಯತೆ ಗೊತ್ತಾಗುವುದು ಮೊದಲ ಮೂರನ್ನು ಅಕ್ಕಪಕ್ಕ ಇಟ್ಟಾಗ. ಒಂದು ಯೋಜನೆಗೆ ವರ್ಷವರ್ಷವೂ ದೊಡ್ಡ ಅಂದಾಜು, ಪರಿಷ್ಕೃತದಲ್ಲಿ ಅರ್ಧ, ಲೆಕ್ಕದಲ್ಲಿ ಕಾಲು ಎಂದು ಕಂಡರೆ ಅದು ಭಾಷಣಕ್ಕಾಗಿ ಇರುವ ಯೋಜನೆ.

ಶೀರ್ಷಿಕೆ ಓದುವುದು ಕಷ್ಟವೇನಲ್ಲ, 15 ಅಂಕಿಗಳ ಸಂಖ್ಯೆ ಅದು. ಮೊದಲ ಅಂಕಿ ನೋಡಿದರೆ ಸಾಕು: 2 ಅಥವಾ 3 ಆದರೆ ರಾಜಸ್ವ ವೆಚ್ಚ, 4 ಅಥವಾ 5 ಆದರೆ ಬಂಡವಾಳ, 6 ಅಥವಾ 7 ಆದರೆ ಬಹುತೇಕ ಸರ್ಕಾರ ಕೊಡುವ ಸಾಲ. 2202 ಸಾಮಾನ್ಯ ಶಿಕ್ಷಣ. 4202 ಶಾಲೆ ಕಾಲೇಜು ಕಟ್ಟಡ. 2210 ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯ. 2202ರಲ್ಲಿ ಸಿಂಹಪಾಲು ಶಿಕ್ಷಕರ ಸಂಬಳ. ಅದು ದುಂದು ಎಂದು ಯಾರೂ ತಿಳಿಯಬಾರದು, ಮೇಷ್ಟ್ರು ಇಲ್ಲದ ಶಾಲೆಗೆ ಬಣ್ಣ ಬಳಿದು ಏನು ಪ್ರಯೋಜನ?

ಇನ್ನು ಸಾಲದ ವಿಷಯ. 1,16,000 ಕೋಟಿ ಸಾಲದಲ್ಲಿ 26,474 ಕೋಟಿ ಹಳೆ ಅಸಲಿಗೆ ಹೋದರೆ ಉಳಿಯುವುದು 89,526 ಕೋಟಿ. ಬಂಡವಾಳ ವೆಚ್ಚ 71,336 ಕೋಟಿ. ವ್ಯತ್ಯಾಸ ಸುಮಾರು 18,000 ಕೋಟಿ, ಅಂದರೆ ಅಷ್ಟು ಸಾಲ ನಿತ್ಯದ ಖರ್ಚಿಗೇ ಹೋಗುತ್ತದೆ. ಬಜೆಟ್ ಭಾಷೆಯಲ್ಲಿ ರಾಜಸ್ವ ಕೊರತೆ 19,262 ಕೋಟಿ ಎಂದು ಕಾಣುವುದು ಹೆಚ್ಚುಕಡಿಮೆ ಇದೇ. ವಿತ್ತೀಯ ಕೊರತೆ (ಸಾಲದಿಂದ ತುಂಬಬೇಕಾದ ಒಟ್ಟು ಅಂತರ) ಜಿಎಸ್‌ಡಿಪಿಯ, ಅಂದರೆ ರಾಜ್ಯದ ಒಟ್ಟು ಉತ್ಪನ್ನದ ಶೇ 2.95, ಒಟ್ಟು ಹೊಣೆಗಾರಿಕೆ ಶೇ 24.91. 2002ರ ನಮ್ಮ ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಮಿತಿ ಶೇ 3 ಮತ್ತು ಶೇ 25. ಎರಡೂ ಗೆರೆಗಳಿಗೆ ಅಂಟಿಕೊಂಡೇ ನಿಂತಿವೆ. ಮುಂದೆ ಯಾವುದಕ್ಕಾದರೂ ಹೊಸ ಕಾಳು ಬೇಕೆಂದರೆ ಸಾಲದ ರಾಶಿಯಿಂದ ಸಿಗುವುದಿಲ್ಲ. ಇನ್ನೊಂದು ರಾಶಿಯಿಂದ ಎತ್ತಬೇಕು, ಇಲ್ಲವೇ ತೆರಿಗೆ ಏರಿಸಬೇಕು.

ಮೀಟರ್ ರೀಡಿಂಗ್

ಎಲೆಅಡಿಕೆಯವರ ಪ್ರಶ್ನೆಗೆ ಉತ್ತರ ರೂಪಾಯಿಯಲ್ಲಿ ಇರುವುದಕ್ಕಿಂತ ಹೆಚ್ಚಾಗಿ ನಿಯಮದಲ್ಲಿದೆ. ಗೃಹಜ್ಯೋತಿಯನ್ನೇ ತೆಗೆದುಕೊಳ್ಳಿ, 10,100 ಕೋಟಿ. "200 ಯೂನಿಟ್ ಉಚಿತ" ಎಂದು ಜನ ಹೇಳುವುದು. ನಿಯಮ ಹಾಗಿಲ್ಲ. 2022-23ರಲ್ಲಿ ಆ ಮನೆಯ ತಿಂಗಳ ಸರಾಸರಿ ಬಳಕೆ ಎಷ್ಟೋ ಅದಕ್ಕೆ ಶೇ 10 ಸೇರಿಸಿ, 200ರ ಒಳಗೆ ಬಂದರೆ ಅಷ್ಟು ಉಚಿತ. 2024ರ ಜನವರಿಯಲ್ಲಿ ತಿದ್ದುಪಡಿ ಆಯಿತು: ಸರಾಸರಿ 48 ಯೂನಿಟ್‌ವರೆಗಿನ ಮನೆಗಳಿಗೆ ಶೇ 10ರ ಬದಲು 10 ಯೂನಿಟ್ ಹೆಚ್ಚುವರಿ.

ಈಗ ಎರಡು ಮನೆ ನೋಡಿ. ಒಂದರಲ್ಲಿ ಎರಡು ಬಲ್ಬು, ಒಂದು ಫ್ಯಾನು, ಸರಾಸರಿ 40 ಯೂನಿಟ್. ಸಿಗುವುದು 50. ಇನ್ನೊಂದರಲ್ಲಿ ಫ್ರಿಜ್, ವಾಷಿಂಗ್ ಮಷಿನ್, ಗೀಸರ್, ಸರಾಸರಿ 180. ಸಿಗುವುದು 198. 2025-26ರ ಗೃಹಬಳಕೆ ದರ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಇಂಧನ ಶುಲ್ಕ ಮಾತ್ರ ಲೆಕ್ಕ ಹಾಕಿದರೂ ಮೊದಲ ಮನೆಗೆ ಸರ್ಕಾರ ತಿಂಗಳಿಗೆ 290 ರೂಪಾಯಿ ಕೊಟ್ಟ ಹಾಗೆ, ಎರಡನೆಯದಕ್ಕೆ 1,148 ರೂಪಾಯಿ. ಇದ್ದವನಿಗೆ ನಾಲ್ಕು ಪಟ್ಟು. ಬಡ ಮನೆ ಈಗ ಒಂದು ಮಿಕ್ಸಿ, ಒಂದು ಹಳೇ ಫ್ರಿಜ್ ತಂದುಕೊಂಡರೆ ಉಚಿತ ಮಿತಿ ಏರುವುದಿಲ್ಲ, 2022-23ರ ಬಡತನಕ್ಕೇ ಕಟ್ಟಿಹಾಕಿದ ಮಿತಿ ಅದು. ಹೆಚ್ಚಾದಷ್ಟಕ್ಕೆ ಬಿಲ್ ಬರುತ್ತದೆ, 200 ದಾಟಿದರೆ ಪೂರ್ತಿ ಬಿಲ್.

ಸರಿಪಡಿಸುವುದು ಹೇಗೆ ಎಂದರೆ, ಎಲ್ಲರಿಗೂ ಸಮನಾಗಿ ಒಂದೇ ಯೂನಿಟ್ ಸಂಖ್ಯೆ, ಉದಾಹರಣೆಗೆ 80 ಅಥವಾ 100 ಎಂದು ಇಡಬಹುದು. 40 ಯೂನಿಟ್‌ನ ಮನೆಗೆ ಬೆಳೆಯಲು ಜಾಗ ಸಿಗುತ್ತದೆ, 180ರ ಮನೆ ಉಳಿದದ್ದಕ್ಕೆ ದುಡ್ಡು ಕಟ್ಟುತ್ತದೆ.

ಇಂಧನ ಇಲಾಖೆಯ 26,896 ಕೋಟಿಯಲ್ಲಿ ಗೃಹಜ್ಯೋತಿ ಕಳೆದರೆ ಉಳಿಯುವುದರ ಬಹುಪಾಲು 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳ ಉಚಿತ ವಿದ್ಯುತ್ತಿಗೆ. ಅದರ ಬಗ್ಗೆ ಯಾವ ಊಟದ ಮೇಜಿನಲ್ಲೂ ಜಗಳ ಕೇಳಿಲ್ಲ. ಬೋರ್‌ವೆಲ್ ಇರುವ ರೈತನಿಗೆ ಸಿಗುತ್ತದೆ, ಎರಡು ಬೋರ್ ಇದ್ದವನಿಗೆ ಎರಡಷ್ಟು, ಮಳೆ ನಂಬಿದ ಒಣಬೇಸಾಯದವನಿಗೆ ಸೊನ್ನೆ. ಬೇಸಾಯವೇ ಇಲ್ಲದ ಕೂಲಿಯವನ ಮಾತಂತೂ ಬಿಡಿ. ಪಂಪ್‌ಸೆಟ್‌ಗೆ ಮೀಟರ್ ಇಲ್ಲದ ಕಡೆ ಬಳಕೆ ಅಂದಾಜಿನ ಮೇಲೆ ನಡೆಯುತ್ತದೆ, ಲೈನ್ ನಷ್ಟವೂ ರೈತನ ಹೆಸರಿನ ಲೆಕ್ಕದಲ್ಲಿ ಸೇರಿಹೋಗುವ ಸಂಭವ ಇರುವುದು ಅಲ್ಲೇ. ಮೊದಲು ಫೀಡರ್‌ಗೆ (ಸಬ್‌ಸ್ಟೇಷನ್‌ನಿಂದ ಹೊರಡುವ ಲೈನಿಗೆ), ಆಮೇಲೆ ಟ್ರಾನ್ಸ್‌ಫಾರ್ಮರ್‌ಗೆ ಮೀಟರ್ ಕೂರಿಸಿದರೆ ಸಾಕು. ರೈತನಿಂದ ಒಂದು ಪೈಸೆ ಕೇಳದೆಯೂ ನಿಜ ಲೆಕ್ಕ ಸಿಗುತ್ತದೆ.

ದೋಸೆಕಾವಲಿ

ಹಾಗಾದರೆ ಗ್ಯಾರಂಟಿ ಬಡವರ ಪರ ಅಲ್ಲ ಅಂತಲಾ ಸರ್?

ಮೀಟರ್ ರೀಡಿಂಗ್

ಹಾಗಲ್ಲ. ಐದರ ನಿಯಮವೂ ಬೇರೆ ಬೇರೆ. ಗೃಹಲಕ್ಷ್ಮಿಯಲ್ಲಿ ಮೊತ್ತ ಎಲ್ಲರಿಗೂ ಒಂದೇ, ಗೃಹಜ್ಯೋತಿಯಲ್ಲಿ ಹಳೆ ಬಳಕೆಯ ಮೇಲೆ. ಮೊದಲನೆಯದು ಕೆಳಗಿನವರಿಗೆ ಹೆಚ್ಚು ತೂಕ, ಎರಡನೆಯದು ಮಧ್ಯದವರಿಗೆ. ಐದನ್ನೂ ಒಂದೇ ಚೀಲಕ್ಕೆ ತುಂಬಿ ಹೊಗಳುವುದೂ ತಪ್ಪು, ಬೈಯುವುದೂ ತಪ್ಪು.

ಅಂಗನವಾಡಿ ಅಂಗಳ

ಗೃಹಲಕ್ಷ್ಮಿಯ ಲೆಕ್ಕ ನಾನು ಬಿಡಿಸುತ್ತೇನೆ. ತಿಂಗಳಿಗೆ 2,000, ವರ್ಷಕ್ಕೆ 24,000. 2025-26ಕ್ಕೆ ಇಟ್ಟದ್ದು 28,608 ಕೋಟಿ. ಭಾಗಿಸಿದರೆ 1.19 ಕೋಟಿ ಹೆಣ್ಣುಮಕ್ಕಳು. ಕೂಲಿ ಮನೆಯಲ್ಲಿ 2,000 ಅಂದರೆ ತಿಂಗಳ ಎಣ್ಣೆ, ಬೇಳೆ, ಸಿಲಿಂಡರ್ ಬಂದ ಹಾಗೆ. ಸಂಬಳದ ಮನೆಯಲ್ಲಿ ಅದೇ 2,000 ಕಣ್ಣಿಗೂ ಕಾಣುವುದಿಲ್ಲ. ಮೊತ್ತ ಒಂದೇ ಇದ್ದಾಗ ಬಡವರ ಕೈಗೆ ಭಾರ ಹೆಚ್ಚು, ಅದಕ್ಕೇ ಇದು ಒಳ್ಳೆಯ ನಿಯಮ.

ತಪ್ಪುವುದು ಎಲ್ಲಿ ಗೊತ್ತೇ? ಹಣ ಹೋಗುವುದು ಅರ್ಜಿಯಲ್ಲಿ ಬರೆದ ಖಾತೆಗೆ ಅಲ್ಲ, ಎನ್‌ಪಿಸಿಐ ಮ್ಯಾಪರ್‌ನಲ್ಲಿ (ಯಾವ ಆಧಾರ್‌ಗೆ ಯಾವ ಬ್ಯಾಂಕ್ ಖಾತೆ ಎಂದು ರಾಷ್ಟ್ರೀಯ ಪಾವತಿ ನಿಗಮ ಇಟ್ಟಿರುವ ಪಟ್ಟಿ) ಆಧಾರ್‌ಗೆ ಕಡೆಯದಾಗಿ ಜೋಡಣೆಯಾದ ಖಾತೆಗೆ. ಬ್ಯಾಂಕ್‌ನಲ್ಲಿ "ಆಧಾರ್ ಲಿಂಕ್ ಆಗಿದೆ" ಅಂದರೆ ಕೆವೈಸಿಗೆ ಲಿಂಕ್ ಆಗಿದೆ ಎಂದಷ್ಟೇ ಇರಬಹುದು. ಮ್ಯಾಪಿಂಗ್ ಬೇರೆ ಕೆಲಸ, ಅದಕ್ಕೆ ಬೇರೆ ಒಪ್ಪಿಗೆ ಪತ್ರಕ್ಕೆ ಸಹಿ ಬೇಕು. ಹೆಸರಲ್ಲಿ ಒಂದು ಅಕ್ಷರ ಏರುಪೇರು, ರೇಷನ್ ಕಾರ್ಡಿನ ಇ-ಕೆವೈಸಿ ಆಗದಿರುವುದು, ಕಾರ್ಡಿನ ಯಜಮಾನಿ ತೀರಿಕೊಂಡ ಮೇಲೆ ಸೊಸೆಯ ಹೆಸರಿಗೆ ಬದಲಾಯಿಸದೇ ಇರುವುದು, ಇವೇ ಹೆಚ್ಚಿನ ಕಾರಣ. ಹಣ ನಿಂತರೆ ಈ ಕ್ರಮದಲ್ಲಿ ನೋಡಿ: ಮೊದಲು ಬ್ಯಾಂಕ್‌ನಲ್ಲಿ ಎನ್‌ಪಿಸಿಐ ಸ್ಥಿತಿ, ಆಮೇಲೆ ನ್ಯಾಯಬೆಲೆ ಅಂಗಡಿಯಲ್ಲಿ ಇ-ಕೆವೈಸಿ, ಕೊನೆಗೆ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿ. ತಲೆಕೆಳಗಾಗಿ ಹೋದರೆ ಮೂರು ದಿನದ ಕೂಲಿ ಹೋಗುತ್ತದೆ.

ಆದರೆ ನನಗೆ ನೋವಾಗುವ ಲೆಕ್ಕ ಬೇರೆ ಇದೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ 34,955 ಕೋಟಿ ಎಂದು ಓದಿ "ಅಬ್ಬಾ, ಶಿಕ್ಷಣದ ನಂತರ ಇದೇ ದೊಡ್ಡದು" ಅನ್ನುತ್ತಾರೆ. ಗೃಹಲಕ್ಷ್ಮಿಯ 28,608 ಕಳೆಯಿರಿ. ಉಳಿಯಿತು 6,347 ಕೋಟಿ, ಒಂದೂವರೆ ಕಾಳು. ಅಂಗನವಾಡಿ, ಪೌಷ್ಟಿಕ ಆಹಾರ, ಕಾರ್ಯಕರ್ತೆ ಸಹಾಯಕಿಯರ ಗೌರವಧನ, ಮಕ್ಕಳ ರಕ್ಷಣೆ, ಅಂಗವಿಕಲರ ಕಾರ್ಯಕ್ರಮ ಎಲ್ಲವೂ ಆ ಒಂದೂವರೆ ಕಾಳಿನ ಒಳಗೆ. ಈ ಬಜೆಟ್‌ನಲ್ಲಿ ಕಾರ್ಯಕರ್ತೆಯರಿಗೆ 1,000, ಸಹಾಯಕಿಯರಿಗೆ 750 ರೂಪಾಯಿ ಏರಿಸಿದ್ದು ನಿಜ. ಆದರೂ ದಿನವಿಡೀ ದುಡಿಯುವವಳಿಗೆ ಕೊಡುವುದನ್ನು ಇವತ್ತಿಗೂ ಸಂಬಳ ಎಂದು ಕರೆಯುವುದಿಲ್ಲ, ಗೌರವಧನ ಅನ್ನುತ್ತೇವೆ. ಸಂಬಳ ಎಂದರೆ ಪಿಂಚಣಿ, ರಜೆ ಎಲ್ಲ ಕೇಳಬೇಕಾಗುತ್ತದಲ್ಲ.

ಊಟದ ವಿಷಯವನ್ನೇ ಹೇಳುವುದಾದರೆ, ಶಾಲೆಯಲ್ಲಿ 150 ಮಿಲಿ ಹಾಲು ಕ್ಷೀರಭಾಗ್ಯದಿಂದ 2013ರಲ್ಲಿ ಬಂತು, ಮೊದಲು ವಾರಕ್ಕೆ ಮೂರು ದಿನ, ಆಮೇಲೆ ಐದು ದಿನ. ವಾರಕ್ಕೆ ಆರು ದಿನ ಮೊಟ್ಟೆ ಬಂದದ್ದು 2024ರಲ್ಲಿ, ಅದೂ ಅಜೀಂ ಪ್ರೇಮ್‌ಜಿ ಫೌಂಡೇಷನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ಕೊಡಲು ಒಪ್ಪಿದ ಮೇಲೆ. ವರ್ಷಕ್ಕೆ 500 ಕೋಟಿ ಅಂದರೆ ನಿಮ್ಮ ಒಂದು ಕಾಳಿನ ಎಂಟನೇ ಒಂದು ಭಾಗ. ಸುಮಾರು 55 ಲಕ್ಷ ಮಕ್ಕಳ ತಟ್ಟೆಯ ಮೊಟ್ಟೆಗೆ ಅಷ್ಟು ಚೂರು ಕಾಳು ನಾವೇ ಹೊಂದಿಸಬೇಕಿತ್ತು.

ತೊಗರಿ ಕಣಜ

ಎಲ್ಲಾರೂ ಮನಿ ಮನಿ ಲೆಕ್ಕಾ ಹಾಕ್ಲಿಕ್ಕತ್ತೀರಿ, ಊರಿನ ಲೆಕ್ಕಾನೂ ಹಾಕ್ರಿ. ಮ್ಯಾಲಿನ ತೊಗರಿ ಕಾಳು ನಮ್ಮ ಕಲಬುರಗಿದೇ ಇರಬೇಕು, ಅದಕ್ಕ ಹೇಳಾಕ ಬಂದೀನಿ.

ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಾಗ ವರದಿ ಕೊಟ್ಟಿತು. 35 ಸೂಚಕ ಹಿಡಿದು ಆಗಿನ 175 ತಾಲ್ಲೂಕು ಅಳೆದರು. ರಾಜ್ಯದ ಸರಾಸರಿ 1 ಅಂತ ಇಟ್ಟರ ಅದಕ್ಕಿಂತ ಕೆಳಗ 114 ತಾಲ್ಲೂಕು, ಅದರಾಗ 39 ಅತ್ಯಂತ ಹಿಂದುಳಿದವು. ಎಲ್ಲಾಕ್ಕಿಂತ ಕೆಳಗ ರಾಯಚೂರು ಜಿಲ್ಲಾದ ದೇವದುರ್ಗ, 0.53. ಆ 39ರಾಗ 26 ಉತ್ತರ ಕರ್ನಾಟಕದಾಗ, 21 ಕಲಬುರಗಿ ವಿಭಾಗ ಒಂದರಾಗೇ. ಎಂಟು ವರ್ಷಕ್ಕ 31,000 ಕೋಟಿಯ ವಿಶೇಷ ಅಭಿವೃದ್ಧಿ ಯೋಜನೆ ಮಾಡ್ರಿ ಅಂದ್ರು. 2024ರಾಗ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಾಗ ಮತ್ತೊಂದು ಸಮಿತಿ ಮಾಡಬೇಕಾತು, ಅಂದ್ರ ರೋಗ ಹೋಗಿಲ್ಲ ಅಂತನೇ ಅರ್ಥ.

ನಮ್ಮ ಭಾಗಕ್ಕ ವಿಶೇಷ ಸ್ಥಾನ ಕೊಡೋ ಸಂವಿಧಾನದ 371ಜೆ ಬಂತು, ಪ್ರದೇಶಾಭಿವೃದ್ಧಿ ಮಂಡಳಿ ಬಂತು, 2019ರಾಗ ಹೈದರಾಬಾದ್ ಕರ್ನಾಟಕ ಹೋಗಿ ಹೆಸರೂ ಕಲ್ಯಾಣ ಕರ್ನಾಟಕ ಆತು. ಮಂಡಳಿಗೆ ವರ್ಷಕ್ಕ 5,000 ಕೋಟಿ, ಏಳು ಜಿಲ್ಲಾಕ್ಕ. ಇದೇ ಬಜೆಟ್‌ನಾಗ ಬೆಂಗಳೂರು ಒಂದು ನಗರದ ಅನುದಾನ 3,000 ಕೋಟಿಯಿಂದ 7,000 ಕೋಟಿಗೆ ಏರಿಸ್ಯಾರ. ಬಡಿಸುವವ ನಮ್ಮವನಾದ್ರ ಕಡೀ ಪಂಕ್ತಿಯಾಗ ಕುಂತರೂ ಚಿಂತಿಲ್ಲ ಅಂತಾರ. ನಾವು ಕಡೀ ಪಂಕ್ತಿಯಾಗೇ ಅದೀವಿ, ಬಡಿಸುವವರು ಮಾತ್ರ ವಿಧಾನಸೌಧದಾಗ ಅದಾರ.

ಹಣ ಬಂದ ಮ್ಯಾಲೂ ಏನಾಗ್ತದ ಅಂದ್ರ, ಶಾಸಕರ ಪಟ್ಟಿ ಪ್ರಕಾರ ಸಣ್ಣ ಸಣ್ಣ ಕೆಲಸಕ್ಕ ಹರಿದು ಹಂಚಿಹೋಗ್ತದ: ಸಿಸಿ ರಸ್ತಾ, ಗಟಾರ, ಸಮುದಾಯ ಭವನ, ಕಂಪೌಂಡ್. ಒಂದು ತಾಲ್ಲೂಕಿಗೆ ಪೂರ್ತಿ ಕುಡಿಯೋ ನೀರಿನ ಕೆಲಸ, ಒಂದು ತಾಯಿ ಮಕ್ಕಳ ಆಸ್ಪತ್ರೆ ಬೇಕಾದ್ರ ಮೂರು ವರ್ಷದ ಹಣ ಕೂಡಿಸಬೇಕಾಗ್ತದ, ಅದಕ್ಕ ಯಾರೂ ಕಾಯಂಗಿಲ್ಲ. ಆಸ್ಪತ್ರೆ ಕಟ್ಟಿದ್ರೂ ಡಾಕ್ಟರ್ ಹುದ್ದೆ ಖಾಲಿ. ಕಟ್ಟಡದ ಶೀರ್ಷಿಕೆ ಬ್ಯಾರೆ, ಸಂಬಳದ ಶೀರ್ಷಿಕೆ ಬ್ಯಾರೆ, ಎರಡನ್ನೂ ಒಂದೇ ವರ್ಷ ಮಂಜೂರು ಮಾಡಬೇಕು ಅನ್ನೋ ನಿಯಮ ಬೇಕು.

ಶಕ್ತಿ ಯೋಜನೆಗೆ 5,300 ಕೋಟಿ. ಭಾಳ ಚಲೋ ಯೋಜನೆ, ಸುಳ್ಳು ಹೇಳಂಗಿಲ್ಲ. ಆದ್ರ ಅದೂ ನಿಯಮದ ಮಾತೇ. ಬಸ್ಸು ದಿನಕ್ಕ ಎರಡು ಸಲ ಬರೋ ಊರಿನ ಹೆಣ್ಣುಮಗಳಿಗೆ ಎರಡು ಸಲದಷ್ಟೇ ಶಕ್ತಿ, ಐದು ನಿಮಿಷಕ್ಕೊಂದು ಬರೋ ಊರಾಕಿಗೆ ಬೇಕಾದಷ್ಟು.

ಸಿಲ್ಕ್‌ಬೋರ್ಡ್ ಸಿಗ್ನಲ್

ತೊಗರಿ ಕಣಜ ಅವರೇ, ನಿಮ್ಮ ಸಂಕಟ ಒಪ್ಪುತ್ತೇನೆ. ಆದರೆ ರಾಜ್ಯದ ಉತ್ಪನ್ನದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೆಂಗಳೂರು ನಗರ ಜಿಲ್ಲೆಯದು. ಆ 51 ಕಾಳು ಸ್ವಂತ ತೆರಿಗೆ ಅಂದರಲ್ಲ, ಅದರಲ್ಲಿ ಎಷ್ಟು ಇಲ್ಲಿಂದ ಹೋಗುತ್ತದೆ ಯೋಚಿಸಿ. ಇಲ್ಲಿಯೂ ಕೊಳೆಗೇರಿ ಇದೆ, ಟ್ಯಾಂಕರ್ ನೀರಿಗೆ ತಿಂಗಳಿಗೆ ಸಾವಿರಾರು ಸುರಿಯುವ ಬಾಡಿಗೆ ಮನೆಗಳಿವೆ, ನಿಮ್ಮ ಜಿಲ್ಲೆಗಳಿಂದಲೇ ಬಂದು ತಗಡಿನ ಶೆಡ್‌ನಲ್ಲಿ ಇರುವ ಕಟ್ಟಡ ಕಾರ್ಮಿಕರಿದ್ದಾರೆ. ನನ್ನ ತಕರಾರು ಮೊತ್ತದ ಮೇಲಲ್ಲ. ಆ ಹಣ ಹೆಬ್ಬಾಳದಿಂದ ಸಿಲ್ಕ್‌ಬೋರ್ಡ್‌ವರೆಗಿನ ಸುರಂಗ ರಸ್ತೆಯಂಥ ಕಾರಿನವರ ಕೆಲಸಕ್ಕೆ ಹೋಗುವುದೋ, ಬಸ್ಸು ಮತ್ತು ಫುಟ್‌ಪಾತಿಗೆ ಹೋಗುವುದೋ ಎಂಬುದರ ಮೇಲೆ. ಸುರಂಗ ರಸ್ತೆಗಳಿಗಾಗಿ ಪಾಲಿಕೆಗೆ 19,000 ಕೋಟಿ ಸಾಲಕ್ಕೆ ಸರ್ಕಾರ ಖಾತರಿ ನಿಲ್ಲುತ್ತದೆ ಎಂದು ಇದೇ ಭಾಷಣದಲ್ಲಿದೆ. ಖಾತರಿ ಕೊಟ್ಟ ಹಣ ಕಾಳಿನ ಲೆಕ್ಕದಲ್ಲಿ ಕಾಣುವುದಿಲ್ಲ, ಪಾಲಿಕೆ ಕಟ್ಟದಿದ್ದ ದಿನ ಮಾತ್ರ ಕಾಣುತ್ತದೆ.

ಖಜಾನೆ ಕಿಟಕಿ

ಇಬ್ಬರೂ ಒಂದು ವಿಷಯ ಗಮನಿಸಬೇಕು, ಇಡೀ ಚರ್ಚೆಯಲ್ಲಿ ನನಗೆ ಮುಖ್ಯ ಅನಿಸಿದ್ದು ಇದು. ಕೇಂದ್ರದ ತೆರಿಗೆಯನ್ನು ರಾಜ್ಯಗಳಿಗೆ ಹಂಚುವ ಸೂತ್ರ ಹೇಳುವುದು ಹಣಕಾಸು ಆಯೋಗ. 14ನೇ ಆಯೋಗದಲ್ಲಿ ಕರ್ನಾಟಕದ ಪಾಲು ಶೇ 4.713 ಇತ್ತು. 15ನೆಯದರಲ್ಲಿ ಶೇ 3.647ಕ್ಕೆ ಇಳಿಯಿತು. ಇಳಿದ ದೊಡ್ಡ ಕಾರಣ ತಲಾ ಆದಾಯ: 15ನೇ ಆಯೋಗ ಆದಾಯದ ಅಂತರಕ್ಕೆ ಶೇ 45 ತೂಕ ಕೊಟ್ಟಿತು, ಶ್ರೀಮಂತ ರಾಜ್ಯಕ್ಕೆ ಕಡಿಮೆ ಪಾಲು. ಈ ಶ್ರೀಮಂತಿಕೆ ಬಂದದ್ದು ಎಲ್ಲಿಂದ? ಬೆಂಗಳೂರಿನ ಆದಾಯ ಸರಾಸರಿಯನ್ನು ಮೇಲೆತ್ತಿದ್ದರಿಂದ. ದೆಹಲಿಯ ಕೋಷ್ಟಕದಲ್ಲಿ ಯಾದಗಿರಿಯೂ ಶ್ರೀಮಂತ, ಏಕೆಂದರೆ ಅದು ಕರ್ನಾಟಕದಲ್ಲಿದೆ. ಹೀಗೆ ಕಲ್ಯಾಣ ಕರ್ನಾಟಕ ಎರಡು ಸಲ ಸೋಲುತ್ತದೆ: ಬೆಂಗಳೂರಿನ ಆದಾಯದಿಂದ ದೆಹಲಿಯಲ್ಲಿ ಪಾಲು ಹೋಗುತ್ತದೆ, ಉಳಿದದ್ದು ಹಂಚುವಾಗ ಬೆಂಗಳೂರಲ್ಲಿ ಹೋಗುತ್ತದೆ.

"ನಮ್ಮ ತೆರಿಗೆ, ನಮ್ಮ ಹಕ್ಕು" ಎಂದು ರಾಜ್ಯ ದೆಹಲಿಗೆ ಹೇಳುವ ವಾದವನ್ನೇ ಬೆಂಗಳೂರು ಕಲಬುರಗಿಗೆ ಹೇಳಿದರೆ ನಾವು ಒಪ್ಪುತ್ತೇವೆಯೇ? ಒಪ್ಪಬಾರದು. ಹಾಗೆಂದು ದೆಹಲಿಯ ಸೂತ್ರವೂ ಸರಿ ಎಂದಲ್ಲ. ದಾರಿ ಇದೆ. ದೆಹಲಿಯಿಂದ ಬಂದ 51,877 ಕೋಟಿಯನ್ನು ರಾಜ್ಯದೊಳಗೆ ತಾಲ್ಲೂಕುಗಳಿಗೆ ಹಂಚುವಾಗ ನಾವೂ ಒಂದು ಆದಾಯ ಅಂತರದ ಸೂತ್ರವನ್ನು ಕಾನೂನಾಗಿಯೇ ಇಟ್ಟುಕೊಳ್ಳಬಹುದು. ಯಾವ ಮುಖ್ಯಮಂತ್ರಿ ಯಾವ ಭಾಗದವರು ಎಂಬುದರ ಮೇಲೆ ಆಗ ಪಾಲು ನಿಲ್ಲುವುದಿಲ್ಲ.

ತೊಗರಿ ಕಣಜ

ಇದನ್ನ ಒಪ್ತೀನ್ರಿ. ಸಿಗ್ನಲ್ ಸರ್, ತಗಡಿನ ಶೆಡ್‌ನಾಗ ಇರೋರು ನಮ್ಮೋರು ಅಂದ್ರಲ್ಲ, ಆ ಮಾತು ಖರೇ. ಊರಾಗ ಕೆಲಸ ಇದ್ದಿದ್ರ ಅವರು ಅಲ್ಲಿ ಇರ್ತಿರಲಿಲ್ಲ.

ನೀಲಿ ಶಾಯಿ

24.1ರ ಬಗ್ಗೆ ಯಾರೂ ಮಾತಾಡಲಿಲ್ಲ. 2013ರ ಎಸ್‌ಸಿಎಸ್‌ಪಿ/ಟಿಎಸ್‌ಪಿ (ಪರಿಶಿಷ್ಟ ಜಾತಿ ಮತ್ತು ಗಿರಿಜನ ಉಪಯೋಜನೆ) ಕಾಯ್ದೆ ಪ್ರಕಾರ ಇಡೀ ಬಜೆಟ್‌ನಲ್ಲಲ್ಲ, ಅಭಿವೃದ್ಧಿ ಯೋಜನೆಗಳಿಗೆ ಹಂಚುವ ಹಣದಲ್ಲಿ ಪರಿಶಿಷ್ಟ ಜಾತಿ ಶೇ 17.15, ಪರಿಶಿಷ್ಟ ಪಂಗಡ ಶೇ 6.95, ಒಟ್ಟು ಶೇ 24.1ರಷ್ಟು ಹಣ ಮೀಸಲಿಡಬೇಕು. 2025-26ಕ್ಕೆ 42,018 ಕೋಟಿ. ಹತ್ತು ಕಾಳು, ಕೇಳಲು ದೊಡ್ಡದು. ಆದರೆ ಈ ಹತ್ತು ಕಾಳು ಬೇರೆ ರಾಶಿಯಲ್ಲ, ಬೇರೆ ಇಲಾಖೆಗಳ ರಾಶಿಯ ಮೇಲೇ ಬಣ್ಣ ಹಚ್ಚಿದ ಕಾಳು.

ಗ್ಯಾರಂಟಿಗಳಿಗೆ ಇದರಿಂದ ಹೋದದ್ದು 2023-24ರಲ್ಲಿ 11,144 ಕೋಟಿ, 2024-25ರಲ್ಲಿ 14,282 ಕೋಟಿ, 2025-26ಕ್ಕೆ ಇಟ್ಟದ್ದು 13,433 ಕೋಟಿ. ಸರ್ಕಾರದ ವಾದ: ಫಲಾನುಭವಿಗಳಲ್ಲಿ ದಲಿತ, ಆದಿವಾಸಿ ಕುಟುಂಬಗಳೂ ಇವೆ, ಅವರ ಪಾಲಿನಷ್ಟೇ ತೋರಿಸಿದ್ದೇವೆ. ನನ್ನ ಉತ್ತರ: ಪಕ್ಕದ ಮನೆಯವರಿಗೆ ನಾಗರಿಕರೆಂಬ ಕಾರಣಕ್ಕೆ ಸಾಮಾನ್ಯ ಲೆಕ್ಕದಿಂದ 2,000 ಬರುತ್ತದೆ. ದಲಿತ ಮನೆಗೆ ಅದೇ 2,000 ಅವರಿಗೆಂದೇ ಎತ್ತಿಟ್ಟ ಹಣದಿಂದ ಬರುತ್ತದೆ. ಶತಮಾನಗಳ ಕೊರತೆ ತುಂಬಲು ಇಟ್ಟ ಹೆಚ್ಚುವರಿ ಹಣ ಹೀಗೆ ಹೆಚ್ಚುವರಿಯಾಗಿ ಉಳಿಯುವುದೇ ಇಲ್ಲ. ರಸ್ತೆ, ಮೇಲ್ಸೇತುವೆಗಳಿಗೂ ಇದೇ ಲೆಕ್ಕ ತೋರಿಸಲು ದಾರಿಯಾಗಿದ್ದ ಸೆಕ್ಷನ್ 7(ಡಿ)ಯನ್ನು 2023ರಲ್ಲಿ ಕಿತ್ತುಹಾಕಿದ್ದು ಒಳ್ಳೆಯ ಹೆಜ್ಜೆ. ಸಾಮಾನ್ಯ ಯೋಜನೆಗಳಲ್ಲಿ ದಲಿತ, ಆದಿವಾಸಿ ಫಲಾನುಭವಿಗಳ ಪಾಲನ್ನು ಈ ಲೆಕ್ಕಕ್ಕೆ ತೋರಿಸಲು ಬಿಡುವ 7(ಸಿ) ಬಾಗಿಲು ತೆರೆದೇ ಇದೆ.

ಸಂಪುಟಗಳಲ್ಲಿ ಹುಡುಕುವವರಿಗೆ: ಶೀರ್ಷಿಕೆಯ ಕೊನೆಯ ಮೂರು ಅಂಕಿ 422 ಇದ್ದರೆ ಪರಿಶಿಷ್ಟ ಜಾತಿ ಉಪಯೋಜನೆ, 423 ಇದ್ದರೆ ಗಿರಿಜನ ಉಪಯೋಜನೆ. ನಿಮ್ಮ ಊಟದ ಮೇಜಿನವರು ಯಾವುದಾದರೂ ಒಂದೇ ಇಲಾಖೆ ಹಿಡಿದು 422ಗಳನ್ನು ಗುರುತು ಮಾಡಿ. ಹಾಸ್ಟೆಲ್, ವಿದ್ಯಾರ್ಥಿವೇತನ, ಗಂಗಾ ಕಲ್ಯಾಣದಂಥ ನೇರ ಕೆಲಸ ಎಷ್ಟು, ಸಾಮಾನ್ಯ ಯೋಜನೆಗೆ ಅಂಟಿಸಿದ್ದು ಎಷ್ಟು ಎಂದು ಬೇರ್ಪಡಿಸಿದರೆ ಅರ್ಧ ಗಂಟೆಯಲ್ಲಿ ಸತ್ಯ ಗೊತ್ತಾಗುತ್ತದೆ. ಗಂಗಾ ಕಲ್ಯಾಣದಲ್ಲೂ "ಕೊರೆದ ಬೋರ್‌ವೆಲ್" ಸಂಖ್ಯೆ ನಂಬಬೇಡಿ. ಪಂಪು ಇಳಿಸಿ ವಿದ್ಯುತ್ ಸಂಪರ್ಕ ಕೊಟ್ಟ ಸಂಖ್ಯೆ ಕೇಳಿ. ಕೊರೆಯುವುದು ಒಂದು ನಿಗಮ, ಕಂಬ ಹಾಕುವುದು ಇನ್ನೊಂದು ಕಂಪನಿ, ನಡುವೆ ವರ್ಷಗಟ್ಟಲೆ ಕೇಸಿಂಗ್ ಪೈಪಿಗೆ ಮುಚ್ಚಳ ಹಾಕಿಕೊಂಡು ಹೊಲ ಕಾಯುತ್ತದೆ.

ಸುಂಕದಕಟ್ಟೆ

ಖರ್ಚಿನ ಕಡೆಯೇ ಎಲ್ಲರ ಕಣ್ಣು. ಕೊಡುವವರು ಯಾರು ನೋಡಿ. ಸ್ವಂತ ತೆರಿಗೆಯ 2,08,100 ಕೋಟಿಯಲ್ಲಿ ವಾಣಿಜ್ಯ ತೆರಿಗೆ 1,20,000 ಕೋಟಿ, ಅಬಕಾರಿ 40,000 ಕೋಟಿ, ನೋಂದಣಿ ಮತ್ತು ಮುದ್ರಾಂಕ 28,000 ಕೋಟಿ, ಮೋಟಾರು ವಾಹನ 15,000 ಕೋಟಿ. ಸೋಪು ಕೊಳ್ಳುವವಳು, ಬೈಕಿಗೆ ಪೆಟ್ರೋಲ್ ಹಾಕಿಸುವವನು, ಸಂಜೆ ಅಗ್ಗದ ಬ್ರ್ಯಾಂಡ್ ಕುಡಿಯುವವನು, ಇವರೇ ತುಂಬುವವರು. ಅಬಕಾರಿ ಒಂದೇ ಗ್ಯಾರಂಟಿ ಮೊತ್ತದ ಮುಕ್ಕಾಲು ಭಾಗ ದಾಟುತ್ತದೆ. 2023ರ ಜುಲೈ ಬಜೆಟ್‌ನಲ್ಲಿ 18 ಸ್ಲ್ಯಾಬ್‌ಗಳ ಮೇಲೂ ಹೆಚ್ಚುವರಿ ಅಬಕಾರಿ ಸುಂಕ ಶೇ 20 ಏರಿತು. ಕ್ವಾರ್ಟರ್‌ಗೆ 20 ರೂಪಾಯಿ ಏರಿತೆಂದು ಇಟ್ಟುಕೊಳ್ಳಿ, ದಿನಕ್ಕೊಂದು ಕುಡಿಯುವ ಮನೆಯಿಂದ ತಿಂಗಳಿಗೆ 600 ಹೋಯಿತು. ಹೆಂಡತಿಯ 2,000ದಲ್ಲಿ ಅಷ್ಟು ವಾಪಸ್ ಖಜಾನೆಗೆ. ಕುಡಿತ ಬಿಡಿಸಬೇಕು, ಅದು ಬೇರೆ ಮಾತು. ಅದೇ ಕುಡಿತದ ಮೇಲೆ ಬಜೆಟ್ ನಿಂತಿದ್ದರೆ ಬಿಡಿಸುವ ಮನಸ್ಸು ಸರ್ಕಾರಕ್ಕೆ ಬರುವುದು ಹೇಗೆ?

ಇನ್ನೊಂದು ಸಣ್ಣ ಉದಾಹರಣೆ, ನಿಮ್ಮ ಎಂಟು ಜನರಲ್ಲಿ ಸಂಬಳದವರೆಲ್ಲ ತಮ್ಮ ಚೀಟಿಯಲ್ಲೇ ನೋಡಿಕೊಳ್ಳಬಹುದು. ವೃತ್ತಿ ತೆರಿಗೆ: ತಿಂಗಳಿಗೆ 25,000 ಅಥವಾ ಹೆಚ್ಚು ಸಂಬಳ ಇದ್ದರೆ 200 ರೂಪಾಯಿ, ಫೆಬ್ರವರಿಯಲ್ಲಿ 300, ವರ್ಷಕ್ಕೆ 2,500. 25,000 ಸಂಬಳದವನಿಗೆ ಇದು ಆದಾಯದ ಶೇ 0.83. ಮೂರು ಲಕ್ಷ ಸಂಬಳದವನಿಗೆ ಶೇ 0.07. ಇದು ರಾಜ್ಯದ ತಪ್ಪಲ್ಲ, ಸಂವಿಧಾನದ 276ನೇ ವಿಧಿ 2,500ಕ್ಕೆ ಮಿತಿ ಹಾಕಿದೆ, 1988ರ ತಿದ್ದುಪಡಿಯ ನಂತರ ಅದು ಕದಲಿಲ್ಲ. ಈ ಮಿತಿ ಏರಿಸಿ ಎಂದು ಎಲ್ಲ ರಾಜ್ಯಗಳೂ ಸೇರಿ ಕೇಳಬೇಕು.

ದೋಸೆಕಾವಲಿ

ಇಷ್ಟೆಲ್ಲ ಗೊತ್ತಾದ ಮೇಲೆ ನಮ್ಮ ತಾಲ್ಲೂಕಿನ ಲೆಕ್ಕ ಎಲ್ಲಿ ಸಿಗುತ್ತದೆ ಹೇಳಿ. ರಾಜ್ಯದ ಅಂಕಿ ಕೇಳಿ ಕೇಳಿ ತಲೆ ತಿರುಗುತ್ತಿದೆ.

ಪಂಚಾಯ್ತಿ ಕಟ್ಟೆ

ದೋಸೆಕಾವಲಿ ಅಕ್ಕ ಕೇಳಿದ್ದೇ ಸರಿಯಾದ ಪ್ರಶ್ನೆ. ಬಜೆಟ್ ಜೊತೆ ಜಿಲ್ಲಾ ಪಂಚಾಯಿತಿಗಳ ಲಿಂಕ್ ಪುಸ್ತಕ ಎಂದು ಬರುತ್ತದೆ. ಶಾಲೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಹಾಸ್ಟೆಲ್, ಅಂಗನವಾಡಿ, ಪಶು ಆಸ್ಪತ್ರೆ, ಇವುಗಳ ಹಣ ಜಿಲ್ಲೆವಾರು ಅದರಲ್ಲಿದೆ. ಆರ್ಥಿಕ ಇಲಾಖೆಯ ಜಾಲತಾಣದಲ್ಲಿ ಬಜೆಟ್ ಸಂಪುಟಗಳ ಜೊತೆಗೇ ಹುಡುಕಿ. ನಿಮ್ಮ ಜಿಲ್ಲೆಯ ಪುಟ ತೆಗೆದು ಸಂಬಳ ಎಷ್ಟು, ಸಂಬಳವಲ್ಲದ್ದು ಎಷ್ಟು ಎಂದು ಎರಡು ಗುಂಪು ಮಾಡಿ. ಸಂಬಳ ತೆಗೆದ ಮೇಲೆ ಉಳಿಯುವ ಕಾಳು ನೋಡಿದರೆ ಆರೋಗ್ಯ ಕೇಂದ್ರದಲ್ಲಿ ಹತ್ತಿ, ಸಿರಿಂಜ್ ಏಕೆ ಮುಗಿಯುತ್ತದೆ ಎಂದು ಅರ್ಥವಾಗುತ್ತದೆ.

ಈ ಪುಸ್ತಕವನ್ನು ಮುಂದಿಟ್ಟುಕೊಂಡು ಪ್ರಶ್ನೆ ಕೇಳಬೇಕಾದವರು ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಸದಸ್ಯರು. ಅವರ ಅವಧಿ 2021ರಲ್ಲೇ ಮುಗಿಯಿತು, ಈ ಬಜೆಟ್ ಮಂಡನೆಯಾದಾಗಲೂ ಚುನಾವಣೆ ಆಗಿರಲಿಲ್ಲ. ಅಧಿಕಾರಿಗಳೇ ಮಂಜೂರು ಮಾಡಿ ಅಧಿಕಾರಿಗಳೇ ಪರಿಶೀಲಿಸುತ್ತಿದ್ದಾರೆ. ಅಸಮಾನತೆಯ ಮಾತಾಡುವವರು ಇದನ್ನು ದೊಡ್ಡ ದನಿಯಲ್ಲಿ ಹೇಳಬೇಕು.

ಪುಸ್ತಕದಲ್ಲಿ ಇರುವುದು ಹಂಚಿಕೆ. ಖರ್ಚು ತಿಳಿಯಲು ಮಾಹಿತಿ ಹಕ್ಕು ಅರ್ಜಿ ಹಾಕಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ, ಶುಲ್ಕ 10 ರೂಪಾಯಿ. ಆದ್ದರಿಂದ ಕಥೆ ಬರೆಯಬೇಡಿ. ಹೀಗೆ ಕೇಳಿ: ಇಂಥ ಲೆಕ್ಕಶೀರ್ಷಿಕೆಯಡಿ ಇಂಥ ತಾಲ್ಲೂಕಿಗೆ 2024-25ರಲ್ಲಿ ಹಂಚಿಕೆ, ಬಿಡುಗಡೆಯ ದಿನಾಂಕ ಮತ್ತು ಮೊತ್ತ, ವೆಚ್ಚ, ಮಾರ್ಚ್ 31ಕ್ಕೆ ಠೇವಣಿ ಖಾತೆಯಲ್ಲಿ ಉಳಿದ ಶಿಲ್ಕು, ಖಜಾನೆ-2ರ (ಸರ್ಕಾರಿ ಖಜಾನೆಯ ಗಣಕ ವ್ಯವಸ್ಥೆ) ವರದಿಯ ಪ್ರತಿಯೊಂದಿಗೆ. 30 ದಿನದಲ್ಲಿ ಉತ್ತರ ಬರಬೇಕು, ಬರದಿದ್ದರೆ ಮೊದಲ ಮೇಲ್ಮನವಿ.

ಬಿಡುಗಡೆಯ ದಿನಾಂಕ ಏಕೆ ಕೇಳಬೇಕು ಅಂದರೆ, ಕೊನೆಯ ಕಂತು ಮಾರ್ಚ್ ಎರಡನೇ ವಾರ ಬಂದರೆ ಯಾವ ಎಂಜಿನಿಯರ್ ಎರಡು ವಾರದಲ್ಲಿ ಟೆಂಡರ್ ಕರೆದು ಕೊಠಡಿ ಕಟ್ಟುತ್ತಾನೆ? ಹಣ ಕಳೆದುಹೋಗಬಾರದೆಂದು ಎಳೆದು ವೈಯಕ್ತಿಕ ಠೇವಣಿ ಖಾತೆಗೋ ಯಾವುದೋ ಏಜೆನ್ಸಿಗೋ ಹಾಕುತ್ತಾರೆ. ಲೆಕ್ಕದಲ್ಲಿ ಖರ್ಚಾಯಿತು, ಕೊಠಡಿ ಇಲ್ಲ. ಕೊನೆಯ ಸಾಲಿನ ಶಿಲ್ಕಿನ ಪ್ರಶ್ನೆ ಅದಕ್ಕೇ.

ಎಲೆಅಡಿಕೆ

ಎಲ್ಲರಿಗೂ ಕೃತಜ್ಞತೆ. ಶನಿವಾರಕ್ಕೆ ಹೀಗೆ ಮಾಡುತ್ತೇವೆ: ಸೊಪ್ಪಿನ ಸಾರು ಕುದಿಯುವಷ್ಟು ಹೊತ್ತಿನಲ್ಲಿ ಎಂಟು ಜನಕ್ಕೂ ಅವರವರ ವಿದ್ಯುತ್ ಬಿಲ್ಲಿನಿಂದ ಗೃಹಜ್ಯೋತಿ ಮಿತಿ ಬರೆಸುವುದು. ಯಾರ ಮನೆಗೆ ಎಷ್ಟು ರೂಪಾಯಿ ಎಂದು ಒಂದೇ ಕಾಗದದಲ್ಲಿ ಕಂಡರೆ ಮಾತು ಬೇರೆಯೇ ದಾರಿ ಹಿಡಿಯುತ್ತದೆ. ಆಮೇಲೆ ಲಿಂಕ್ ಪುಸ್ತಕದ ಒಂದು ಪುಟ.

ಪಂಚಾಯ್ತಿ ಕಟ್ಟೆಯವರೇ, ಒಂದೇ ಪುಟ ಮುದ್ರಿಸುವುದಾದರೆ ಯಾವುದು?

ಪಂಚಾಯ್ತಿ ಕಟ್ಟೆ

2202ರ ಪುಟ. ಪ್ರಾಥಮಿಕ ಶಿಕ್ಷಣದ ಸಂಬಳೇತರ ಸಾಲು. ಆ ಮೊತ್ತವನ್ನು ಜಿಲ್ಲೆಯ ಸರ್ಕಾರಿ ಶಾಲೆಗಳ ಸಂಖ್ಯೆಯಿಂದ ಭಾಗಿಸಿ, ಆಮೇಲೆ ಹನ್ನೆರಡು ತಿಂಗಳಿಂದ ಭಾಗಿಸಿ. ಸೀಮೆಸುಣ್ಣ, ಶೌಚಾಲಯದ ನೀರು, ರಿಪೇರಿ ಎಲ್ಲ ಸೇರಿ ಒಂದು ಶಾಲೆಗೆ ತಿಂಗಳಿಗೆ ಎಷ್ಟು ಎಂದು ಕೈಬರಹದಲ್ಲಿ ಪುಟದ ಮೇಲೆಯೇ ಬರೆಯಿರಿ. ಶಾಲೆಗಳ ಸಂಖ್ಯೆ ಡಿಡಿಪಿಐ (ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರ) ಕಚೇರಿಯಲ್ಲಿ ಸಿಗುತ್ತದೆ, ಶುಕ್ರವಾರ ಸಂಜೆಯೊಳಗೆ ಕೇಳಿಟ್ಟುಕೊಳ್ಳಿ.